ತದಡಿಯಲ್ಲಿ ಐಸ್ ಮಾಡಿದ ವರ್ಷ

ಹೋದ ಬೇಸಿಗೆಯಲ್ಲಿ ಅಣ್ಣನ ಮಗಳ ಮದುವೆ ಶಿರಾಲಿಯ ಹಾಲ್‌ನಲ್ಲಿ ಆಯಿತು. ಹಿಂದಿನ ದಿನ ಮಧ್ಯಾಹ್ನ ಮನೆಯ ಹೆಂಗಸರೆಲ್ಲ ಸೇರಿ ಮಾವಳ್ಳಿಯ ಒಂದು ಬ್ಯೂಟಿ ಪಾರ್ಲರಿಗೆ ಹೋದೆವು. ನನ್ನ ನರೆಗೂದಲಿಗೆ ಬಣ್ಣ ಹಚ್ಚಲೇಬೇಕೆಂದು ಮದುಮಗಳ ಹಟ. ಪಾರ್ಲರಿನ ಹುಡುಗಿ ಪ್ಲಾಸ್ಟಿಕ್ ಬಟ್ಟಲಿಗೆ ಟ್ಯೂಬು ಹಿಂಡಿ ಬ್ರಷ್ಷಿನಲ್ಲಿ ಕಲಸತೊಡಗಿದಳು. ಆ ವಾಸನೆ ಮೂಗಿಗೆ ಬಡಿಯಿತೋ ಇಲ್ಲವೋ, ನಾನು ಕುರ್ಚಿಯಿಂದ ಎದ್ದು ಬಾಗಿಲ ಹತ್ತಿರ ಹೋಗಿ ನಿಂತಿದ್ದೆ.

"ಎಂತಾತು ಅಕ್ಕಾ? ಕಣ್ಣು ಉರೀತದಾ?" ಎಂದು ಹುಡುಗಿ ಗಾಬರಿಯಿಂದ ಕೇಳಿದಳು.

"ಇಲ್ಲ, ಎಂತ ಇಲ್ಲ" ಎಂದು ಮರಳಿ ಬಂದು ಕೂತೆ. ಬಟ್ಟಲಿನ ತಳದಲ್ಲಿದ್ದ ಅಷ್ಟು ಅಮೋನಿಯಾಕ್ಕೆ ಹೆದರಿ ಯಾರೂ ಓಡುವುದಿಲ್ಲ, ಅದು ನನಗೂ ಗೊತ್ತು. ಆದರೆ ಮೈಗೆ ಅದನ್ನು ತಿಳಿಸಿ ಹೇಳಲು ಬರುವುದಿಲ್ಲ. ಕಣ್ಣು ಮುಚ್ಚಿ ಕೂತಷ್ಟು ಹೊತ್ತೂ ನಾನು ಮಾವಳ್ಳಿಯಲ್ಲಿ ಇರಲಿಲ್ಲ. ತದಡಿಯ ಬೋಟು ನಿಲ್ಲುವ ಧಕ್ಕೆಯ ಹಿಂದೆ, ಹಸಿರು ಬಣ್ಣ ಉದುರಿದ ಆ ದೊಡ್ಡ ಬಾಗಿಲಿನ ಎದುರು ನಿಂತಿದ್ದೆ.

ಅಲ್ಲಿ ನಾನೂ ನನ್ನ ಅಣ್ಣ ಗಣಪಣ್ಣನೂ ಐಸ್ ಪ್ಲಾಂಟ್ ನಡೆಸಿದ್ದು ಒಂದೇ ಸೀಸನ್ನು. ಹತ್ತು ವರ್ಷದ ಮೇಲಾಯಿತು. ಆಮೇಲೆ ಬೇರೆ ಕೆಲಸ ಮಾಡಿದ್ದೇನೆ, ಚೆನ್ನಾಗಿಯೇ ಮಾಡಿದ್ದೇನೆ. ಆದರೂ ಯಾರಾದರೂ "ನಿಮ್ಮ ಆಯುಷ್ಯದಲ್ಲಿ ಒಂದು ವರ್ಷ ವಾಪಸ್ ಕೊಡ್ತೇವೆ" ಎಂದರೆ ನಾನು ಕೇಳುವುದು ಅದನ್ನೇ.

ಅಣ್ಣ ಆಗ ಮೀನಿನ ಗಾಡಿ ಓಡಿಸುತ್ತಿದ್ದ. ಹೊನ್ನಾವರ, ತದಡಿಗಳಿಂದ ಹುಬ್ಬಳ್ಳಿಗೆ, ಕೆಲವೊಮ್ಮೆ ಗೋವಾಕ್ಕೆ. ಐಸ್ ಸಿಗದೆ ಗಾಡಿಗಟ್ಟಲೆ ಮೀನು ಹಾಳಾಗುವುದನ್ನು ಎಷ್ಟೋ ಸಲ ಕಂಡವನು. ತದಡಿಯ ಹಳೆಯ ಪ್ಲಾಂಟಿನ ಮಾಲೀಕರಿಗೆ ವಯಸ್ಸಾಗಿ, ಒಂದು ವರ್ಷದ ಮಟ್ಟಿಗೆ ಗುತ್ತಿಗೆಗೆ ಕೊಡುತ್ತಾರೆ ಎಂಬ ಸುದ್ದಿ ತಂದವನೂ ಅವನೇ. ನಾನು ಶಿರಾಲಿಯ ಒಂದು ಸೊಸೈಟಿಯಲ್ಲಿ ಕ್ಲಾರ್ಕ್ ಆಗಿದ್ದೆ. ವಯಸ್ಸು ಮೂವತ್ತು ದಾಟಿತ್ತು. ನನಗೆ ಗಂಡು ನೋಡುವ ಮಾತು ಮನೆಯಲ್ಲಿ ಮೊದಲು ದಿನಾ ಬರುತ್ತಿದ್ದದ್ದು, ಆಮೇಲೆ ಹಬ್ಬಕ್ಕೊಮ್ಮೆ ಆಗಿ, ಆಗ ಪೂರ್ತಿ ನಿಂತಿತ್ತು. ನನ್ನ ಉಳಿತಾಯ ಹಾಕುತ್ತೇನೆ, ಆದರೆ ಏನು ಮಾಡಬೇಕು ಎಂಬುದರಲ್ಲಿ ಅರ್ಧ ಮಾತು ನನ್ನದಿರಬೇಕು ಎಂದೆ. ಅಣ್ಣ ಗದ್ದೆಯ ಅಂಚಿನಲ್ಲಿ ನಿಂತು ಸ್ವಲ್ಪ ಯೋಚಿಸಿದ. ಆಮೇಲೆ, "ಆತು. ಹಾಳಾದ್ರೆ ಇಬ್ರೂ ಸೇರಿ ಹಾಳಾಗುವ" ಎಂದ.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯುವ ಹೊತ್ತಿಗೆ ತದಡಿಗೆ ಹೋದೆವು. ಅಘನಾಶಿನಿ ಹೊಳೆ ಕೆಂಪಾಗಿ ಹರಿಯುತ್ತಿತ್ತು. ಆಚೆ ದಡದ ಊರು ಮಳೆಯೊಳಗೆ ಒಮ್ಮೆ ಕಾಣುತ್ತಿತ್ತು, ಒಮ್ಮೆ ಇಲ್ಲ. ಬೋಟುಗಳು ಮೇಲೆ ಎಳೆದಲ್ಲೇ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದವು. ಹೊಳೆ ದಾಟಿಸುವ ಬಾರ್ಜಿನ ಹತ್ತಿರ ಒಬ್ಬ ಅಜ್ಜಿಯ ಮನೆಯಲ್ಲಿ ನನಗೊಂದು ಕೋಣೆ ಸಿಕ್ಕಿತು. ಅಣ್ಣ ಪ್ಲಾಂಟಿನ ಆಫೀಸಿನಲ್ಲೇ ಮಲಗುತ್ತಿದ್ದ, ವಾರಕ್ಕೊಮ್ಮೆ ಬೈಕಿನಲ್ಲಿ ಮಾವಳ್ಳಿಯ ಮನೆಗೆ ಹೋಗಿಬರುತ್ತಿದ್ದ. ಮದುವೆಯಾಗದ ತಂಗಿಯನ್ನು ಬಂದರಿನಲ್ಲಿ ಕೂರಿಸಿದ್ದಾನೆ ಎಂದು ಊರಲ್ಲಿ ಜನ ಆಡಿಕೊಂಡರು. ಅವನು ಅದನ್ನು ನನ್ನ ಕಿವಿಗೆ ತಲುಪದ ಹಾಗೆ ನೋಡಿಕೊಂಡ. ನನಗೆ ಗೊತ್ತಾದದ್ದು ಸೀಸನ್ ಮುಗಿದ ಮೇಲೆ.

ಐಸ್ ಪ್ಲಾಂಟ್ ಎಂದರೆ ಒಂದು ದೊಡ್ಡ ಕತ್ತಲೆ ಕೋಣೆ. ನೆಲದಲ್ಲಿ ಉಪ್ಪುನೀರಿನ ಟ್ಯಾಂಕು, ಅದರ ಮೇಲೆ ಮರದ ಹಲಗೆ. ಹತ್ತಿರದ ಸಾಣಿಕಟ್ಟೆಯ ಉಪ್ಪನ್ನೇ ತಂದು ಅದಕ್ಕೆ ಸುರಿಯುತ್ತಿದ್ದೆವು. ಟ್ಯಾಂಕಿನೊಳಗೆ ಅಮೋನಿಯಾದ ಪೈಪುಗಳು ಹರಿದು ಉಪ್ಪುನೀರನ್ನು ತಣಿಸುತ್ತವೆ, ಆ ನೀರಿನಲ್ಲಿ ಇಳಿಬಿಟ್ಟ ಉದ್ದುದ್ದ ಡಬ್ಬಿಗಳಲ್ಲಿ ಸಿಹಿನೀರು ಗಟ್ಟಿಯಾಗುತ್ತದೆ. ಗಟ್ಟಿಯಾಗಲು ಇಡೀ ಒಂದು ಹಗಲು, ಒಂದು ರಾತ್ರಿ ಬೇಕು. ಎಲ್ಲ ಕಷ್ಟ ಇರುವುದು ಅಲ್ಲೇ. ನಾಳೆ ಎಷ್ಟು ಐಸ್ ಬೇಕೆಂದು ಇವತ್ತೇ ತೀರ್ಮಾನಿಸಬೇಕು. ನಾಳೆ ಮೀನು ಬೀಳುತ್ತದೋ ಇಲ್ಲವೋ ಯಾರಿಗೆ ಗೊತ್ತು? ಹೆಚ್ಚು ಮಾಡಿದರೆ ಕೇಳುವವರಿಲ್ಲದೆ ಕರೆಂಟು ತಿನ್ನುತ್ತಾ ಕೂತಿರುತ್ತದೆ, ಕೊನೆಗೆ ಚರಂಡಿಯಲ್ಲಿ ನೀರಾಗಿ ಹೋಗುತ್ತದೆ. ಕಡಿಮೆ ಮಾಡಿದರೆ ಬೋಟಿನವರು ಕಾಯುವುದಿಲ್ಲ, ಬೇರೆ ಬಂದರಿನಿಂದ ತರಿಸಿಕೊಳ್ಳುತ್ತಾರೆ. ಒಮ್ಮೆ ಹೋದವರು ಮತ್ತೆ ಬರುವುದೂ ಕಷ್ಟ.

ಅಣ್ಣನದು ಎಲ್ಲ ಡಬ್ಬಿ ತುಂಬಿಸುವ ಸ್ವಭಾವ, ನನ್ನದು ಅರ್ಧಕ್ಕೇ ನಿಲ್ಲಿಸುವ ಸ್ವಭಾವ. ಮೊದಲ ತಿಂಗಳು ದಿನಾ ಸಂಜೆ ಇದೇ ಜಗಳ. ಆಪರೇಟರ್ ಮಾದೇವ ನಮ್ಮಿಬ್ಬರ ನಡುವೆ ನೀರಿನ ಪೈಪು ಹಿಡಿದು ನಿಂತು, "ಒಂದ್ ಮಾತು ಹೇಳಿ ಮಾರಾಯ್ರೆ, ಕೈ ಸೋಲ್ತದೆ" ಎನ್ನುತ್ತಿದ್ದ.

ವಿಠಲ ಬಂದದ್ದು ಆ ಜಗಳದ ನಡುವೆಯೇ. ಅವರೂ ಅವರ ಅಣ್ಣನೂ ಸೇರಿ ಇಟ್ಟುಕೊಂಡಿದ್ದ ಒಂದು ಬೋಟಿತ್ತು, ಸಮುದ್ರಕ್ಕೆ ಹೋಗುತ್ತಿದ್ದವರು ವಿಠಲರೇ. ಒಂದು ಸಂಜೆ ಮರುದಿನದ ಐಸ್ ಹೇಳಲು ಬಂದವರು ನಮ್ಮ ವಾದ ಕೇಳುತ್ತ ಬಾಗಿಲಿಗೆ ಒರಗಿ ನಿಂತರು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕೋರೆ, ನಾಳೆ ಮೂಡಗಾಳಿ ಜೋರದೆ. ನಾವೇ ಅರ್ಧ ಜನ ಹೋಗೂದಿಲ್ಲ. ಸ್ವಲ್ಪೇ ತುಂಬ್ಸಿ" ಎಂದರು. ಶಾಲೆಯ ಟೀಚರಿಗೆ ಕರೆಯುವ ಹಾಗೆ ಅವರು ನನ್ನನ್ನು ಅಕ್ಕೋರೆ ಎಂದಾಗ ಅಣ್ಣ ನಕ್ಕುಬಿಟ್ಟ. ಮರುದಿನ ನಿಜವಾಗಿಯೂ ಬೋಟುಗಳು ಕಮ್ಮಿ ಹೋದವು.

ಅಂದಿನಿಂದ ನಾನು ದಿನಾ ಸಂಜೆ ಅವರಿಗೆ ಫೋನ್ ಮಾಡಿ ಕೇಳತೊಡಗಿದೆ. ಕೆಲವು ವಾರದಲ್ಲಿ ಅವರೇ ಮಾಡತೊಡಗಿದರು. ದೀಪ ಹಚ್ಚುವ ಹೊತ್ತಿಗೆ ಫೋನ್ ಬರುತ್ತಿತ್ತು. ಇವತ್ತು ನೀರು ಯಾವ ಬಣ್ಣ ಇತ್ತು, ಯಾವ ದಿಕ್ಕಿನಲ್ಲಿ ಹಕ್ಕಿ ಇಳಿಯುತ್ತಿತ್ತು, ಬಲೆಗೆ ಏನು ಬಂತು. ಅವರ ಅಂದಾಜು ಸರಿಯಾಗುತ್ತಿದ್ದಷ್ಟೇ ಸಲ ತಪ್ಪುತ್ತಲೂ ಇತ್ತು. ತಪ್ಪಿದ ದಿನ, "ಸಮುದ್ರಕ್ಕೆ ನಂದು ಫೋನ್ ಹೋಗ್ಲಿಲ್ಲ ಕಾಣ್ತದೆ" ಎನ್ನುತ್ತಿದ್ದರು. ಮಾತು ಮುಗಿದ ಮೇಲೂ ಸ್ವಲ್ಪ ಹೊತ್ತು ಫೋನ್ ಇಡದೆ ಇರುತ್ತಿದ್ದೆವು. ಆ ಕಡೆ ಧಕ್ಕೆಗೆ ನೀರು ಬಡಿಯುವ ಸದ್ದು ಕೇಳುತ್ತಿತ್ತು. ಈ ಕಡೆ ಕಂಪ್ರೆಸರಿನ ಸದ್ದು ಅವರಿಗೆ ಕೇಳುತ್ತಿದ್ದಿರಬೇಕು. ಯಾವಾಗಲೋ ಒಂದು ದಿನ ಅವರು ಅಕ್ಕೋರೆ ಎನ್ನುವುದನ್ನು ಬಿಟ್ಟರು. ಅದರ ಬದಲಿಗೆ ಏನೂ ಕರೆಯಲಿಲ್ಲ. ಸುಮ್ಮನೆ ಮಾತು ಶುರುಮಾಡುತ್ತಿದ್ದರು. ನಾನು ಅದನ್ನು ಗಮನಿಸಿದೆ. ಗಮನಿಸಿದ್ದನ್ನು ಯಾರಿಗೂ ಹೇಳಲಿಲ್ಲ. ನಾವು ಗದ್ದೆಯವರು, ಅವರು ಬೋಟಿನವರು. ಮನೆಯಲ್ಲಿ ಹೇಳುವಂಥ ಮಾತೂ ಆಗಿರಲಿಲ್ಲ ಅದು.

ದೀಪಾವಳಿಗೆ ಮೊದಲು ಪ್ಲಾಂಟಿನಲ್ಲಿ ಒಂದು ಸಣ್ಣ ಅವಘಡ ಆಯಿತು. ಐಸ್ ಪುಡಿಮಾಡುವ ಗಿರಿಜಾ ಹಲಗೆಯ ಮೇಲೆ ಬಗ್ಗಿ ಡಬ್ಬಿ ಬಿಡಿಸುತ್ತಿದ್ದವಳು ಇದ್ದಕ್ಕಿದ್ದ ಹಾಗೆ ಕಣ್ಣು ಒತ್ತಿಕೊಂಡು ಕುಸಿದಳು. ಕೆಳಗೆ ಒಂದು ಪೈಪಿನ ಬೆಸುಗೆಯಿಂದ ಅಮೋನಿಯಾ ಸೋರಿತ್ತು. ಮಾದೇವ ಒದ್ದೆ ಗೋಣಿ ಮುಖಕ್ಕೆ ಹಿಡಿದು ಅವಳನ್ನು ಹೊರಗೆಳೆದು ತಂದ. ಬಕೆಟ್ಟುಗಟ್ಟಲೆ ನೀರು ಹೊಯ್ದು ಕಣ್ಣು ತೊಳೆದೆವು. ಕುಮಟಾದ ಡಾಕ್ಟರು ಏನೂ ಆಗಿಲ್ಲ ಎಂದರು. ಗಿರಿಜಾ ವಾರ ಬಿಟ್ಟು ಕೆಲಸಕ್ಕೆ ಬಂದಳು. ಆದರೆ ಅವಳು ನೆಲದ ಮೇಲೆ ಉಸಿರಿಗಾಗಿ ಬಾಯಿ ತೆರೆದು ಮಲಗಿದ್ದು ನನ್ನ ಕಣ್ಣಿನಿಂದ ಹೋಗಲಿಲ್ಲ. ಅಲ್ಲಿಯವರೆಗೆ ನಷ್ಟ ಎಂದರೆ ಕರಗಿದ ಐಸ್ ಎಂದು ತಿಳಿದಿದ್ದೆ.

ಅದರ ನಂತರ ನಾನು ದಿನಾ ಬೆಳಿಗ್ಗೆ ಕೆಲಸದವರಿಗಿಂತ ಮೊದಲು ಒಳಗೆ ಹೋಗಿ ಟ್ಯಾಂಕಿನ ಸುತ್ತ ಒಮ್ಮೆ ನಡೆದು ಬರತೊಡಗಿದೆ. ಮಾದೇವನ ಮೂಗು ವರ್ಷಾನುಗಟ್ಟಲೆ ಆ ಗಾಳಿಯಲ್ಲಿದ್ದು ಸತ್ತೇ ಹೋಗಿತ್ತು. "ನಂಗೆ ಮಲ್ಲಿಗೆ ವಾಸ್ನೆನೂ ಇಲ್ಲ, ಅಮೋನಿಯಾ ವಾಸ್ನೆನೂ ಇಲ್ಲ" ಎಂದು ಅವನೇ ನಗುತ್ತಿದ್ದ. ಹಾಗಾಗಿ ಪ್ಲಾಂಟಿನ ಮೂಗು ನಾನಾದೆ.

ಆ ವರ್ಷ ಚಳಿಗಾಲದಲ್ಲಿ ಮೀನು ಬೀಳಲಿಲ್ಲ. ಬೋಟುಗಳು ಹೋಗುತ್ತಿದ್ದವು, ಡೀಸೆಲ್ ಸುಟ್ಟು ಬರುತ್ತಿದ್ದವು. ಬಲೆ ಹೆಣೆಯುವವರು ಧಕ್ಕೆಯ ನೆರಳಲ್ಲಿ ಕೂತು ಹೆಣೆದದ್ದನ್ನೇ ಹೆಣೆಯುತ್ತಿದ್ದರು. ನಾನು ಟೆಂಪೋ ಹತ್ತಿ ಕುಮಟಾಕ್ಕೆ ಹೋದೆ. ಜ್ಯೂಸ್ ಅಂಗಡಿ, ಸೋಡಾ ಅಂಗಡಿ, ಮದುವೆಯ ಹಾಲ್, ಸ್ಕೂಟರಿನಲ್ಲಿ ಮೀನು ಮಾರುವವರು, ಎಲ್ಲರನ್ನೂ ಕಂಡು ಸ್ವಲ್ಪ ಸ್ವಲ್ಪ ಐಸಿಗೆ ಆರ್ಡರ್ ಗೊತ್ತುಮಾಡಿಕೊಂಡು ಬಂದೆ. ಅಣ್ಣನಿಗೆ ನಾಚಿಕೆಯಾಯಿತು. "ಸೋಡಾ ಅಂಗಡಿಗೆ ಎರಡು ಬ್ಲಾಕ್ ಕೊಟ್ಟು ಪ್ಲಾಂಟ್ ನಡೀತದಾ?" ಎಂದ. "ನಿಲ್ಲದೇ ಇರ್ತದೆ" ಎಂದೆ. ಮರುದಿನದಿಂದ ಅವನೇ ಬ್ಲಾಕುಗಳನ್ನು ಗೋಣಿಯಲ್ಲಿ ಸುತ್ತಿ ಗಾಡಿಗೆ ಹೇರಿಕೊಂಡು ಹೊರಟ.

ಹೊನ್ನಾವರದಲ್ಲಿ ಒಂದು ದೊಡ್ಡ ಪ್ಲಾಂಟಿತ್ತು. ಅದರ ಮಾಲೀಕರು ಭಟ್ಕಳದ ಒಬ್ಬ ಸಾಹೇಬರು. ಅಲ್ಲಿಗೂ ಹೋದೆ. ನಮ್ಮದು ನಿಂತ ದಿನ ಅವರು ನಮಗೆ ಐಸ್ ಕೊಡಬೇಕು, ಅವರದು ನಿಂತ ದಿನ ನಾವು ಕೊಡಬೇಕು ಎಂಬ ಮಾತು ಎತ್ತಿದೆ. ಸಾಹೇಬರು ಚಹಾ ತರಿಸಿ ಪೂರ್ತಿ ಕೇಳಿದರು. "ನಿಮ್ಮದು ಚಿಕ್ಕದು ಬೆಹನ್, ನಂದು ನಿಂತ್ರೆ ನೀವು ಎಷ್ಟು ಕೊಡೂಕಾಗ್ತದೆ?" ಎಂದರು. "ಇದ್ದದ್ದರಲ್ಲಿ ಒಂದು ಗಾಡಿ" ಎಂದೆ. ಅವರು ಗಡ್ಡ ಸವರಿಕೊಂಡು, "ಆಯ್ತು, ನನ್ನದೂ ಒಂದು ಗಾಡಿ" ಎಂದರು. ಕಾಗದಪತ್ರ ಏನೂ ಇಲ್ಲ. ಬಾಗಿಲ ತನಕ ಬಂದು ಕಳಿಸಿಕೊಟ್ಟರು.

ಚಳಿ ಕಳೆದು ಬೆಳಗಿನ ಮಂಜು ಹೊಳೆಯ ಮೇಲಿಂದ ಬೇಗ ಏಳತೊಡಗಿದಾಗ ಬಂಗಡೆ ಮೀನು ಬಂತು. ಮೊದಲು ಒಂದೆರಡು ಬೋಟಿಗೆ, ಆಮೇಲೆ ಎಲ್ಲರಿಗೂ. ಧಕ್ಕೆಯಲ್ಲಿ ಕಾಲಿಡಲು ಜಾಗವಿಲ್ಲ. ಲಾರಿಗಳು ಗೋಕರ್ಣದ ರಸ್ತೆಯ ತನಕ ಸಾಲು ನಿಂತವು. ಅಣ್ಣ ಎಲ್ಲ ಡಬ್ಬಿ ತುಂಬಿಸಿದ, ನಾನೂ ಬೇಡ ಎನ್ನಲಿಲ್ಲ. ಒಂದು ಸಂಜೆ ವಿಠಲ ಫೋನ್ ಮಾಡಿ, "ನಾಳೆ ಇವತ್ತಿಗಿಂತ ಜೋರದೆ. ನೀರು ಹಿಟ್ಟು ಕಲಸಿದ ಹಾಗೆ ಅದೆ, ಕೆಳಗೆ ಬರೀ ಮೀನು. ನಂದು ಒಂದ್ ಗಾಡಿ ಐಸ್ ತೆಗ್ದಿಡಿ" ಎಂದರು. ಅವರ ಸ್ವರದಲ್ಲಿ ಅಂಥ ಸಂತೋಷ ನಾನು ಕೇಳಿರಲಿಲ್ಲ. ಇದೊಂದು ವಾರ ಹೀಗೆ ಸಿಕ್ಕರೆ ಬೋಟು ಪೂರ್ತಿ ತನ್ನದೇ ಮಾಡಿಕೊಳ್ಳಬಹುದು, ತನ್ನಣ್ಣನ ಪಾಲು ಬಿಡಿಸಿಕೊಳ್ಳಬಹುದು ಎಂದರು. "ಆಮೇಲೆ?" ಎಂದೆ. "ಆಮೇಲೆ ಒಂದು ಮಾತು ಕೇಳೂದದೆ" ಎಂದು ಫೋನ್ ಇಟ್ಟರು.

ಮರುದಿನ ಬೆಳಿಗ್ಗೆ ಬೋಟುಗಳೆಲ್ಲ ಹೋದ ಮೇಲೆ ನಾನು ಒಳಗೆ ಹೋಗಿ ಟ್ಯಾಂಕಿನ ಸುತ್ತ ನಡೆದೆ. ಮೂಲೆಯ ಹತ್ತಿರ ಬಂದಾಗ ಮೂಗಿನ ತುದಿಗೆ ಸೂಜಿ ತಾಗಿದ ಹಾಗಾಯಿತು. ಎರಡು ಹೆಜ್ಜೆ ಹಿಂದೆ ಹೋದರೆ ಇಲ್ಲ, ಮುಂದೆ ಬಂದರೆ ಇದೆ. ಮಾದೇವನನ್ನು ಕರೆದೆ. ಅವನು ಹಲಗೆ ಎತ್ತಿ, ಗಂಧಕದ ಬತ್ತಿ ಹಚ್ಚಿ ಪೈಪುಗಳ ಉದ್ದಕ್ಕೂ ಹಿಡಿದ. ಸೋರುವಲ್ಲಿ ಆ ಬತ್ತಿ ಬೆಳ್ಳಗಿನ ದಟ್ಟ ಹೊಗೆ ಬಿಡುತ್ತದೆ. ಎಲ್ಲ ಪೈಪುಗಳೂ ಬಂದು ಸೇರುವ ದಪ್ಪ ಪೈಪಿನ ಹತ್ತಿರ ಹೊಗೆ ಎದ್ದಿತು.

ಅಣ್ಣನೂ ಬಂದ. ಮೂವರೂ ಹೊರಗೆ ನಿಂತೆವು.

"ರಬ್ಬರ್ ಸುತ್ತಿ ಕ್ಲಾಂಪ್ ಬಿಗಿತೆ" ಎಂದ ಮಾದೇವ. "ಎರಡು ದಿನ ಎಂತ ಆಗೂದಿಲ್ಲ."

"ಖಂಡಿತಾ ಆಗೂದಿಲ್ವಾ?" ಎಂದೆ.

ಅವನು ತಲೆ ತುರಿಸಿಕೊಂಡ. "ಖಂಡಿತಾ ಅಂತ ಹ್ಯಾಂಗೆ ಹೇಳೂದು? ಆಗೂದಿಲ್ಲ ಅಂತ ನಂಗೆ ಕಾಣ್ತದೆ."

"ಇವತ್ತೊಂದು ದಿನ ಸುಜಾತಾ" ಎಂದ ಅಣ್ಣ. "ಮಳೆಗಾಲದಿಂದ ಕಾದದ್ದು ಇದಕ್ಕೇ. ಮಧ್ಯಾಹ್ನದ ಮೇಲೆ ಬೋಟ್ ಎಲ್ಲ ತುಂಬ್ಕಂಡು ಬತ್ತವೆ. ಈಗ ನಿಲ್ಸಿದ್ರೆ ನಮ್ಮ ಮೋರೆ ಯಾರೂ ನೋಡೂದಿಲ್ಲ."

"ಬೇರೆ ದಿನ ಆದ್ರೆ ಒಳಗೆ ನಾಲ್ಕು ಜನ ಇರ್ತಾರೆ ಅಣ್ಣ. ಇವತ್ತು ಬೋಟಿನವರು, ಲಾರಿಯವರು ಎಲ್ಲ ಬಾಗಿಲಲ್ಲೇ ನಿಂತಿರ್ತಾರೆ. ಹೆಂಗಸರು ಹಲಗೆ ಮೇಲೇ ಇರ್ತಾರೆ. ಇವತ್ತೇ ಹೋದ್ರೆ?"

"ಹೋಗ್ತದೆ ಅಂತ ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ಹೋಗೂದಿಲ್ಲ ಅಂತಲೂ ಯಾರೂ ಹೇಳ್ಲಿಲ್ಲ."

ಅಣ್ಣ ನನ್ನ ಮುಖ ನೋಡಿದ. ಅವನು ಸಿಟ್ಟಿನವನು, ಆ ದಿನ ಬಯ್ಯುತ್ತಾನೆಂದೇ ತಿಳಿದಿದ್ದೆ. ಬಯ್ಯಲಿಲ್ಲ. ಹೊಳೆಯ ಕಡೆ ತಿರುಗಿ, "ಅರ್ಧ ನಿಂದು ಅಂತ ಹೇಳಿದ್ದೆ. ಆತು, ಬಂದ್ ಮಾಡು ಮಾದೇವ" ಎಂದ. ಕಂಪ್ರೆಸರು ನಿಂತಿತು. ಇಡೀ ಸೀಸನ್ ಕಿವಿಯಲ್ಲಿದ್ದ ಸದ್ದು ನಿಂತಾಗ ತದಡಿಯಲ್ಲಿ ಕಾಗೆಗಳು ಇಷ್ಟಿವೆಯೇ ಅನ್ನಿಸಿತು.

ಒಳಗಿನ ಡಬ್ಬಿಗಳಲ್ಲಿ ಐಸ್ ಗಟ್ಟಿಯಾಗಿ ನಿಂತಿತ್ತು. ಸೋರಿದ ಕೋಣೆಗೆ ಯಾರನ್ನೂ ಕಳಿಸುವುದಿಲ್ಲ ಎಂದು ಅದನ್ನೂ ತೆಗೆಸಲಿಲ್ಲ. ಹೊನ್ನಾವರದ ಸಾಹೇಬರಿಗೆ ಫೋನ್ ಮಾಡಿದೆ. "ನಮ್ಮಲ್ಲೂ ಬೋಟು ಭರ್ತಿ ಬೆಹನ್, ನನಗೇ ಸಾಲುವುದಿಲ್ಲ" ಎಂದರು. ಆಮೇಲೆ ಅವರೇ, "ಮಾತು ಕೊಟ್ಟಿದ್ದೇನಲ್ಲ. ಒಂದು ಗಾಡಿ ಬರ್ತದೆ" ಎಂದರು. ಗಾಡಿ ಬಂತು. ತಮ್ಮ ಗಿರಾಕಿಗಳನ್ನು ಕಾಯಿಸಿ ಕಳಿಸಿದ ಐಸ್ ಅದು ಎಂದು ಡ್ರೈವರ್ ಹೇಳಿದ.

ಬೋಟುಗಳು ಬರತೊಡಗಿದವು. ಯಾರು ಮೊದಲು ಬಂದರೋ ಅವರಿಗೆ ಮೊದಲು, ಎಲ್ಲರಿಗೂ ಒಂದೇ ಅಳತೆ ಎಂದು ನಾನು ಗಾಡಿಯ ಪಕ್ಕದಲ್ಲೇ ನಿಂತು ಹಂಚಿಸಿದೆ. ಜನ ಬೈದರು. ಕೆಲವರು ನನ್ನನ್ನೇ ಬೈದರು, ಕೆಲವರು ಹೆಂಗಸಿನ ಕೈಯಲ್ಲಿ ಪ್ಲಾಂಟ್ ಕೊಟ್ಟದ್ದಕ್ಕೆ ಅಣ್ಣನನ್ನು ಬೈದರು. ವಿಠಲರ ಬೋಟು ಕಾಣಲಿಲ್ಲ. ಬಲೆ ಭಾರವಾಗಿ ಹಗ್ಗ ಬೋಟಿನಡಿಯ ಫ್ಯಾನಿಗೆ ಸುತ್ತಿದೆ, ಬಿಡಿಸುತ್ತಿದ್ದಾರೆ ಎಂದು ಬಂದವರು ಹೇಳಿದರು. ಗಾಡಿಯಲ್ಲಿ ಐಸ್ ಕಡಿಮೆಯಾಗುತ್ತ ಬಂತು. ಅಣ್ಣ ನನ್ನ ಹತ್ತಿರ ಬಂದು ತಗ್ಗಿದ ಸ್ವರದಲ್ಲಿ, "ವಿಠಲಂಗೆ ಅಂತ ಸ್ವಲ್ಪ ಇಡ್ತ್ಯಾ?" ಎಂದ. ಅವನು ಎಲ್ಲವನ್ನೂ ಗಮನಿಸಿದ್ದ ಎಂದು ನನಗೆ ಗೊತ್ತಾದದ್ದು ಆಗಲೇ. ಎದುರಿಗೆ ಮೀನಿನ ಬುಟ್ಟಿ ಇಳಿಸಿ ಒಬ್ಬ ಮುದುಕ ಕೈಯೊಡ್ಡಿ ನಿಂತಿದ್ದ. "ಇಲ್ಲ" ಎಂದೆ.

ಹೊಳೆಯ ಬಾಯಲ್ಲಿ ಬೆಳಕು ತಾಮ್ರದ ಬಣ್ಣಕ್ಕೆ ತಿರುಗುವ ಹೊತ್ತಿಗೆ ಅವರ ಬೋಟು ಬಂತು. ಅಂಚಿನ ತನಕ ಮುಳುಗಿ ಬರುತ್ತಿತ್ತು, ಅಷ್ಟು ಮೀನು. ಅವರು ಧಕ್ಕೆಗೆ ಹಾರಿ ಬಂದರು. ಮೈಯೆಲ್ಲ ಉಪ್ಪು, ಅಂಗೈ ಹಗ್ಗದಿಂದ ಸುಲಿದುಹೋಗಿತ್ತು.

"ಐಸ್ ಇಲ್ಲ" ಎಂದೆ.

"ಒಂಚೂರೂ?"

"ಪೈಪ್ ಸೋರ್ತಿತ್ತು, ಬಂದ್ ಮಾಡ್ದೆವು. ಹೊನ್ನಾವರದಿಂದ ಒಂದ್ ಗಾಡಿ ಬಂತು. ಮೊದಲು ಬಂದವರಿಗೆ ಕೊಟ್ಟಾತು."

"ನಂಗೆ ಅಂತ ಇಡೂಕೆ ಆಗ್ಲಿಲ್ವಾ?"

"ಆಗ್ತಿತ್ತು. ಇಡ್ಲಿಲ್ಲ."

ಅವರು ತಮ್ಮ ಬೋಟಿನ ಕಡೆ ನೋಡಿದರು. ಮೀನು ಆ ಬೆಳಕಿನಲ್ಲಿ ಇನ್ನೂ ಹೊಳೆಯುತ್ತಿತ್ತು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ಸೋರಿದ್ದು ಯಾರು ನೋಡಿದ್ದು?"

"ನಾನೇ."

"ಒಳಗೆ ಹೋಗಿದ್ರಾ?"

"ಬೆಳಿಗ್ಗೆ ಹೋಗಿದ್ದೆ."

"ಇನ್ನು ಹೋಗ್ಬೇಡಿ" ಎಂದರು. "ಮೇಸ್ತ್ರಿ ಬಂದು ಸರಿ ಮಾಡೂವರೆಗೆ ನೀವು ಒಳಗೆ ಹೋಗೂದು ಬೇಡ." ಅಷ್ಟು ಹೇಳಿ ಬೋಟಿಗೆ ಇಳಿದರು. ಆ ಬಂಗಡೆಯೆಲ್ಲ ಮೀನು ಒಣಗಿಸಿ ಪುಡಿಮಾಡುವ ಫಿಶ್‌ಮಿಲ್ಲಿನ ಲಾರಿಗೆ, ಗೊಬ್ಬರದ ದರಕ್ಕೆ ಹೋಯಿತು. ಲಾರಿಗೆ ತುಂಬುವಾಗ ನಾನು ಅಲ್ಲಿ ನಿಲ್ಲಲಾರದೆ ಅಜ್ಜಿಯ ಮನೆಗೆ ಹೋಗಿ ಬಾವಿಕಟ್ಟೆಯ ಮೇಲೆ ಕೂತೆ.

ಮಂಗಳೂರಿನಿಂದ ಮೇಸ್ತ್ರಿ ಬಂದು ಪೈಪು ಕತ್ತರಿಸಿದ. ಆ ತುಂಡನ್ನು ಅಣ್ಣ ಕೈಯಲ್ಲಿ ಹಿಡಿದು, "ಇದು ಆ ದಿನ ಒಡೀತಿತ್ತಾ?" ಎಂದು ಕೇಳಿದ. ಮೇಸ್ತ್ರಿ ತಿರುಗಿಸಿ ಮುರುಗಿಸಿ ನೋಡಿದ. "ಒಂದು ಬದಿ ಸವೆದಿದೆ. ಇನ್ನೊಂದು ತಿಂಗಳು ಬಂದರೂ ಬರುತ್ತಿತ್ತು. ಆ ದಿನವೇ ಹೋಗಿದ್ದರೂ ಹೋಗುತ್ತಿತ್ತು. ಯಾರು ಹೇಳುತ್ತಾರೆ?" ಎಂದ. ಇವತ್ತಿಗೂ ನನ್ನಲ್ಲಿರುವ ಉತ್ತರ ಅಷ್ಟೇ. ಒಡೆದಿದ್ದರೆ ಎಲ್ಲರಿಗೂ ಕಾಣುತ್ತಿತ್ತು. ಒಡೆಯದೆ ಉಳಿದದ್ದಕ್ಕೆ ನಾನು ಕಾರಣವೋ ಅಲ್ಲವೋ ಎಂಬುದಕ್ಕೆ ಸಾಕ್ಷಿ ಎಲ್ಲಿಂದ ತರಲಿ? ಗಿರಿಜಾ ಮಾತ್ರ ಒಂದು ದಿನ ಗೋಣಿ ಒಣಹಾಕುತ್ತ, "ಒಳಗೆ ಹೋಗೂಕೆ ನಂಗೆ ದಿನಾ ಹೆದರಿಕೆ ಇತ್ತು ಅಕ್ಕೋರೆ, ಹೇಳೂಕೆ ಆಗ್ತಿರ್ಲಿಲ್ಲ" ಎಂದಳು.

ಪ್ಲಾಂಟ್ ಮತ್ತೆ ಶುರುವಾಗುವಷ್ಟರಲ್ಲಿ ಬಂಗಡೆ ಬೇರೆ ಕಡೆ ಹೋಗಿತ್ತು. ಬೋಟಿನವರಲ್ಲಿ ಅರ್ಧ ಜನ ನಮ್ಮನ್ನು ಬಿಟ್ಟಿದ್ದರು. ಬಿಸಿಲು ಏರಿದ ಹಾಗೆ ಕುಮಟಾದ ಜ್ಯೂಸ್ ಅಂಗಡಿಗಳೂ ಮದುವೆಯ ಹಾಲ್‌ಗಳೂ ನಮ್ಮನ್ನು ದಡ ಸೇರಿಸಿದವು. ಹಾಕಿದ್ದು ಹೆಚ್ಚುಕಡಿಮೆ ಬಂತು, ಲಾಭ ಎನ್ನುವಂಥದ್ದು ಬರಲಿಲ್ಲ. ಅಣ್ಣ ಒಂದು ದಿನವೂ ನನಗೆ ಅದನ್ನು ಆಡಿ ತೋರಿಸಲಿಲ್ಲ.

ವಿಠಲರ ಫೋನ್ ಕೆಲವು ದಿನ ಬರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ನಾನು ಫೋನನ್ನು ಮೇಜಿನ ಮೇಲೆ ಕಾಣುವ ಹಾಗೆ ಇಟ್ಟುಕೊಂಡು ಕೂರುತ್ತಿದ್ದೆ. ಆಮೇಲೆ ಒಂದು ಸಂಜೆ ಬಂತು. "ನಾಳೆ ತೆಂಕಣ ಗಾಳಿ ಅದೆ, ಸ್ವಲ್ಪೇ ತುಂಬ್ಸಿ" ಎಂದರು, ಏನೂ ನಡೆಯಲೇ ಇಲ್ಲವೆಂಬ ಹಾಗೆ. ಕೇಳುವುದಿದೆ ಎಂದಿದ್ದ ಆ ಮಾತನ್ನು ಮಾತ್ರ ಕೇಳಲಿಲ್ಲ. ಆ ವಾರದಲ್ಲಿ ಕೂಡಬೇಕಾದ ದುಡ್ಡು ಅವರಿಗೆ ಕೂಡಿಬಂದಿರಲಿಲ್ಲ. ಮೇ ತಿಂಗಳಲ್ಲಿ ಅವರ ಅಣ್ಣ ಬೋಟನ್ನು ರತ್ನಾಗಿರಿಯ ಕಡೆಯವರಿಗೆ ಮಾರಿದರು. ಗೋವಾದಲ್ಲಿ ಬೇರೆಯವರ ಬೋಟು ನಡೆಸುವ ತಾಂಡೇಲನಾಗಿ ಹೋಗುತ್ತೇನೆ ಎಂದು ಹೇಳಲು ಅವರು ಪ್ಲಾಂಟಿನ ತನಕ ಬಂದರು. ಮೋಡ ಕಟ್ಟಿತ್ತು. ನಾವು ಡಬ್ಬಿಗಳನ್ನು ತೊಳೆದು ಕವುಚಿ ಹಾಕುತ್ತಿದ್ದೆವು.

"ಮುಂದಿನ ವರ್ಷವೂ ಪ್ಲಾಂಟ್ ತಕಂತ್ರಾ?" ಎಂದು ಕೇಳಿದರು.

"ಮಾಲೀಕರು ಕೊಟ್ರೆ."

"ಕೊಟ್ರೆ ಹೇಳಿ. ನಾ ಎಲ್ಲಿದ್ರೂ ಬತ್ತೆ."

"ಹೇಳ್ತೆ" ಎಂದೆ.

ಮಾಲೀಕರು ಕೊಡಲಿಲ್ಲ. ಮಕ್ಕಳು ಜಾಗ ಮಾರಲು ಹೊರಟಿದ್ದರು. ಹೇಳಲು ನನ್ನಲ್ಲಿ ಏನೂ ಉಳಿಯಲಿಲ್ಲ. ಐಸ್ ಮತ್ತು ಸಮುದ್ರ ಬಿಟ್ಟು ಬೇರೆ ಯಾವ ಮಾತಿಗಾಗಿ ಅವರಿಗೆ ಫೋನ್ ಮಾಡುವುದೆಂದು ನನಗೆ ಹೊಳೆಯಲಿಲ್ಲ. ಮಳೆಗಾಲವಿಡೀ ಯೋಚಿಸಿದೆ. ಇನ್ನೊಂದು ಮಳೆಗಾಲ ಬರುವಷ್ಟರಲ್ಲಿ ಅವರಿಗೆ ಮದುವೆಯಾಯಿತೆಂದು ಮಾದೇವ ಹೇಳಿದ.

ಈಗ ಕುಮಟಾದಲ್ಲಿ ನನ್ನದೊಂದು ಸಣ್ಣ ಟ್ಯೂಬ್ ಐಸ್ ಘಟಕವಿದೆ. ಅಮೋನಿಯಾ ಇಲ್ಲದ ಮಿಷನ್ನು. ಒಂದು ದೊಡ್ಡದು ಸಿಗುತ್ತಿತ್ತು, ಎರಡು ಚಿಕ್ಕದು ಕೊಂಡೆ, ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು. ಅಣ್ಣ ಗಾಡಿ ಮತ್ತು ಗಿರಾಕಿಗಳನ್ನು ನೋಡಿಕೊಳ್ಳುತ್ತಾನೆ. ಯಾವ ದಿನ ಎಷ್ಟು ಬೇಕೆಂದು ಮೊದಲೇ ಗೊತ್ತಿರುತ್ತದೆ. ನಷ್ಟವೂ ಇಲ್ಲ. ಸಂಜೆ ಬಾಗಿಲು ಹಾಕಿ ಮನೆಗೆ ಹೋಗುವಾಗ ಪಡುವಣ ಗಾಳಿ ಮೀನಿನ ವಾಸನೆ ತಂದರೆ ನಾನು ಬಸ್‌ಸ್ಟ್ಯಾಂಡಿನ ದಾರಿ ಬಿಟ್ಟು ಆ ಗಾಳಿ ಬರುವ ಕಡೆಯಿಂದ ಸುತ್ತು ಹಾಕಿ ನಡೆಯುತ್ತೇನೆ.

ಅಣ್ಣನ ಮಗಳ ಮದುವೆ ಮುಗಿದ ಕೆಲವು ದಿನಗಳ ಮೇಲೆ ವಿಠಲ ಕುಮಟಾದಲ್ಲಿ ಕಂಡರು. ಟೆಂಪೋ ಸ್ಟ್ಯಾಂಡ್ ಹತ್ತಿರ, ಶಾಲೆಗೆ ಹೋಗುವ ವಯಸ್ಸಿನ ಮಗಳ ಕೈ ಹಿಡಿದುಕೊಂಡು. ತಲೆ ಬೆಳ್ಳಗಾಗಿತ್ತು, ನಡಿಗೆ ಅದೇ. ಇಬ್ಬರೂ ಒಟ್ಟಿಗೆ ನಿಂತೆವು. ಅವರು ಮಗಳಿಗೆ ನನ್ನನ್ನು ತೋರಿಸಿ, "ಇವರು ಸುಜಾತಾ" ಎಂದರು. ನನ್ನ ಹೆಸರನ್ನು ಅವರ ಬಾಯಿಂದ ಕೇಳಿದ್ದು ಅದೇ ಮೊದಲು. "ನಾ ಹೇಳ್ತೆ ಅಲ್ವಾ, ಐಸ್ ಪ್ಲಾಂಟ್ ಬಂದ್ ಮಾಡಿ ನಮ್ಮನ್ನೆಲ್ಲ ಉಳಿಸಿದವರು. ಅದೇ ದಿನ ಪೈಪ್ ಒಡೀತಿತ್ತು."

ಹುಡುಗಿ ನನ್ನನ್ನು ದೊಡ್ಡ ಕಣ್ಣು ಮಾಡಿ ನೋಡಿದಳು.

"ಒಡೀತಿತ್ತಾ ಇಲ್ವಾ ಯಾರಿಗೂ ಗೊತ್ತಿಲ್ಲ" ಎಂದೆ.

"ನಂಗೆ ಗೊತ್ತದೆ" ಎಂದರು ವಿಠಲ.

ಗೋಕರ್ಣದ ಟೆಂಪೋ ಹೊರಡುವುದಿತ್ತು. ಮಗಳನ್ನು ಹತ್ತಿಸಿ, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಏನೋ ನೆನಪಾದವರ ಹಾಗೆ ತಿರುಗಿದರು.

"ನಂಬರ್ ಅದೇ ಅದ್ಯಾ?"

"ಅದೇ" ಎಂದೆ.

"ನಂದೂ ಅದೇ" ಎಂದು ಒಳಗೆ ಹೋಗಿ ಮಗಳ ಪಕ್ಕದಲ್ಲಿ ಕೂತರು.